ಬಣ್ಣ ಮಾತ್ರ ಬೇರೆ

“ಎಲ್ಲಾ ಒಂದೇ ಥರ ಇದಾವಲ್ಲಮ್ಮ, ಬಣ್ಣ ಮಾತ್ರ ಬೇರೆ” ಎಂದು ಬೆಂಗಳೂರಿನ ಕೆ.ಜಿ. ರಸ್ತೆಯ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಮಳಿಗೆಯ ಮುಂದೆ ಮೈಸೂರು ರೇಷ್ಮೆ ಸೀರೆಗಾಗಿ ನಿಂತ ಸಾಲಿನಲ್ಲಿ ಹುಡುಗನೊಬ್ಬ ತಾಯಿಗೆ ಹೇಳಿದ್ದೂ, ಅವರಿಗೆ ಯಾವ ಸಂಬಂಧವೂ ಇಲ್ಲದ ಹಿರಿಯ ಹೆಂಗಸೊಬ್ಬರು ಹಿಂತಿರುಗಿ ನೋಡಿ, “ಬೇರೆ ಅಂತ ನೀನೇ ಹೇಳಿದೆಯಲ್ಲಪ್ಪ, ಮತ್ತೇನು?” ಎಂದದ್ದೂ ಕಳೆದ ಶನಿವಾರದಿಂದ ನನ್ನ ತಲೆಯಿಂದ ಇಳಿದಿಲ್ಲ. ಹುಡುಗ ನಕ್ಕ, ತಾಯಿ ನಗಲಿಲ್ಲ. ಸಾಲಿನಲ್ಲಿ ನಾವು ಅನೇಕರು ಆ ಹಿರಿಯರ ಪಕ್ಷವೇ ಆಗಿದ್ದೆವು ಎಂಬುದನ್ನು ಅವನು ಗಮನಿಸಿದಂತೆ ಕಾಣಲಿಲ್ಲ. ನಿದ್ದೆಗೆಟ್ಟು ತಾಯಿಯ ಜೊತೆ ಬಂದಿದ್ದನಲ್ಲ, ಆ ಕಾರಣಕ್ಕೆ ನನಗೆ ಅವನ ಮೇಲೆ ಸಿಟ್ಟಿರಲಿಲ್ಲ.

ಮೈಸೂರು ರೇಷ್ಮೆಯ ಹುಚ್ಚು ಹಿಡಿದವರನ್ನು ಈ ಊರಿನಲ್ಲಿ ಗುರುತಿಸುವುದು ಸುಲಭ. ಮೆಟ್ರೋದಲ್ಲಿ, ಮದುವೆ ಛತ್ರದ ಊಟದ ಸಾಲಿನಲ್ಲಿ, ಬಸವನಗುಡಿಯ ದೇವಸ್ಥಾನದ ಪ್ರದಕ್ಷಿಣೆಯಲ್ಲಿ, ಸಾದಾ ಒಡಲು ಮತ್ತು ಜರಿಯಂಚು ಕಂಡೊಡನೆ ಅವರ ಕಣ್ಣು ಮೊದಲು ಸೀರೆಗೆ ಹೋಗಿ ಆಮೇಲೆ ಉಟ್ಟವರ ಮುಖಕ್ಕೆ ಬರುತ್ತದೆ, ಪರಿಚಯವೇ ಇಲ್ಲದಿದ್ದರೂ “ಇದು ಆನಂದ ನೀಲಿ ಅಲ್ವಾ? ಯಾವಾಗ ತಗೊಂಡ್ರಿ?” ಎಂದು ಮಾತು ಶುರುವಾಗುತ್ತದೆ. ನಿಮ್ಮ ಬಳಿ ಎಷ್ಟು ಸೀರೆಗಳಿವೆ ಎಂದು ನಿಜವಾದ ಅಭಿಮಾನಿ ಕೇಳುವುದಿಲ್ಲ, ಯಾವ ಬಣ್ಣ ಇನ್ನೂ ಸಿಕ್ಕಿಲ್ಲ ಎಂದು ಕೇಳುತ್ತಾರೆ. ನನಗೆ ಸಿಕ್ಕದಿರುವುದು ಈರುಳ್ಳಿ ಬಣ್ಣ. ಸಿಪ್ಪೆಯ ಕಡುಗೆಂಪಲ್ಲ, ಅದರ ಒಳಪದರದ, ಬೆಳಕಿಗೆ ಹಿಡಿದರೆ ಬೂದುಗುಲಾಬಿಯಾಗುವ ಬಣ್ಣ.

ಆ ಹುಡುಗ ತನಗೇ ಗೊತ್ತಿಲ್ಲದೆ ಸರಿಯಾದ ಮಾತನ್ನೇ ಆಡಿದ್ದ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡ್‌ನಿಂದ ತರಿಸಿದ ಮಗ್ಗಗಳೊಂದಿಗೆ ಮೈಸೂರಿನಲ್ಲಿ ಆರಂಭವಾಗಿ, 1980ರಲ್ಲಿ ನಿಗಮದ ಕೈಗೆ ಬಂದ ಆ ಕಾರ್ಖಾನೆಯಲ್ಲಿ ಒಂದೇ ಬಣ್ಣದ ಸೀರೆ ಮಗ್ಗದಿಂದ ಇಳಿಯುವಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಹೆಚ್ಚು ಹುರಿ ಕೊಟ್ಟ ನೂಲಿನಿಂದ ನೇಯ್ದ ಆ ಬಿರುಸಾದ ಬಟ್ಟೆಯಿಂದ ರೇಷ್ಮೆಗೂಡಿನ ಅಂಟನ್ನು ಕುದಿಸಿ ತೆಗೆದಾಗ ಹುರಿ ಸಡಿಲಗೊಂಡು ಕ್ರೇಪಿನ ಮೃದುವಾದ ಸುಕ್ಕು ಮೂಡುತ್ತದೆ. ಬಣ್ಣದ ತೊಟ್ಟಿಗೆ ಇಳಿಯುವುದು ಅದಾದ ಬಳಿಕ. ಅಲ್ಲಿಯವರೆಗೆ ಗಿಳಿಹಸಿರಿಗೂ ಕನಕಾಂಬರಕ್ಕೂ ಯಾವ ವ್ಯತ್ಯಾಸವೂ ಇಲ್ಲ, ಎರಡರ ಅಂಚಿನಲ್ಲೂ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುವ ಅದೇ ಜರಿ. ಅಂದಮೇಲೆ ಬಣ್ಣ ಮಾತ್ರ ಬೇರೆ ಎನ್ನುವುದು ನಿಜ. ತಪ್ಪಿದ್ದರೆ ಅದು ಆ “ಮಾತ್ರ” ಎನ್ನುವುದರ ಸಸಾರದಲ್ಲಿ.

ಹಿರಿಯರ ಉತ್ತರವನ್ನು ಮತ್ತೆ ಮತ್ತೆ ನೆನೆಯುತ್ತಿರುವುದೂ ಅದಕ್ಕೇ. ಬೇರೆ ರೇಷ್ಮೆ ಅಂಗಡಿಗಳಲ್ಲಿ ಸೀರೆಯ ಮೇಲೆ ನವಿಲು, ಮಾವಿನಕಾಯಿ, ಗೋಪುರ, ಸೆರಗಿನಲ್ಲೊಂದು ಪುರಾಣ ಎಲ್ಲವೂ ಇರುತ್ತವೆ, ಆಯ್ಕೆಯ ಬಹುಭಾಗವನ್ನು ಯಾರೋ ನಮಗಿಂತ ಮೊದಲೇ ಮಾಡಿ ಮುಗಿಸಿರುತ್ತಾರೆ. ಇಲ್ಲಿ ಸಾದಾ ಸೀರೆ ಕೊಳ್ಳುವವಳಿಗೆ ಉಳಿಯುವುದು ಬಣ್ಣ ಮತ್ತು ಅಂಚಿನ ಅಗಲ, ಅಷ್ಟೇ. ಆಯ್ಕೆ ಇಷ್ಟು ಕಿರಿದಾದಾಗ ಕಣ್ಣು ಚುರುಕಾಗುತ್ತದೆ: ಮೂವತ್ತು ವರ್ಷ ಮನೆ, ಮಕ್ಕಳು, ಕಚೇರಿ ಎಂದು ಎಲ್ಲದರಲ್ಲೂ “ಯಾವುದಾದರೂ ಆಗುತ್ತೆ” ಎಂದ ಹೆಂಗಸು ಆ ಗಾಜಿನ ಮೇಜಿನ ಮುಂದೆ ನಿಂತು “ಇದಲ್ಲ, ಇದಕ್ಕಿಂತ ಅರ್ಧ ಪಾಲು ತಿಳಿ ಬೇಕು” ಎನ್ನುವುದನ್ನು ನಾನು ಕಂಡಿದ್ದೇನೆ. ಅಷ್ಟು ಖಚಿತವಾಗಿ ಬೇಕು ಎನ್ನಲು ಅವರಿಗೆ ಬೇರೆಲ್ಲಿ ಅವಕಾಶ ಸಿಕ್ಕಿತ್ತೋ ನಾನರಿಯೆ. ಆ ಹುಡುಗನ ತಾಯಿ ನಗದಿದ್ದುದರಲ್ಲಿ ಇದೂ ಇತ್ತು ಎಂದು ನನ್ನ ಊಹೆ.

ನಮ್ಮ ಬಳಗವೇನೂ ಸಂತರ ಕೂಟವಲ್ಲ. ಸಾಲಿನಲ್ಲಿ ನಿಂತು ಸೀರೆ ಪಡೆದು, ಹೊರಗೆ ಹೋಗಿ ಹೆಚ್ಚಿನ ಬೆಲೆಗೆ ಮಾರುವವರು ನನಗೆ ಸ್ವಲ್ಪವೂ ಸಹ್ಯರಲ್ಲ. ಒಳಗೆ ಕಾಲಿಡುವ ಮೊದಲೇ ವಿಡಿಯೊ ಮಾಡಿ “ಕೊನೆಗೂ ಸಿಕ್ಕಿತು” ಎನ್ನುವವರನ್ನು ಸಹಿಸಬಲ್ಲೆ, ಅವರು ಕೊಂಡದ್ದನ್ನು ಉಡುತ್ತಾರಲ್ಲ. ಇದನ್ನು ಕೈಮಗ್ಗವೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ, ವಿದ್ಯುತ್ ಮಗ್ಗ ಎಂದರೆ ಅವರ ಮುಖ ಬಾಡುತ್ತದೆ. ಬಾಡಬೇಕಾಗಿಲ್ಲ. ರೇಷ್ಮೆಗೂಡಿನಿಂದ ಹಿಡಿದು, ಟಿ. ನರಸೀಪುರದಲ್ಲಿ ನೂಲು ಬಿಚ್ಚಿ, ಮೈಸೂರಿನಲ್ಲಿ ನೇಯ್ದು, ಬಣ್ಣ ಹಾಕಿ, ಪ್ರತಿ ಸೀರೆಗೂ ಅದರದೇ ಸಂಖ್ಯೆ ಕೊಟ್ಟು ಮಳಿಗೆಗೆ ಕಳಿಸುವ ಕೆಲಸವನ್ನೆಲ್ಲ ಒಂದೇ ಸಂಸ್ಥೆ ತನ್ನ ಕೈಯಲ್ಲಿಟ್ಟುಕೊಂಡು ನೂರು ವರ್ಷ ದಾಟಿದ ನೇಯ್ಗೆಯನ್ನು ಮುಂದುವರಿಸಿರುವುದು ಹೆಮ್ಮೆಗೆ ಸಾಲದೆ? ಮಗ್ಗ ಹೆಚ್ಚಿಸಿ, ಸಾಲು ಕರಗಿಸಿ ಎಂದು ನಾವೆಲ್ಲ ಸಲಹೆ ಕೊಡುತ್ತೇವೆ. ಆದರೆ ಗೂಡಿನ ಗುಣವನ್ನೂ ನುರಿತ ಕೈಗಳನ್ನೂ ಆತುರದಿಂದ ಹೆಚ್ಚಿಸಲಾಗದು, ಜರಿಯನ್ನು ತೆಳುಮಾಡಿ ಎಲ್ಲರಿಗೂ ಹಂಚುವುದಕ್ಕಿಂತ ಕಾಯುವುದೇ ನನಗೆ ಮೇಲು.

ಅಂದು ಈರುಳ್ಳಿ ಬಣ್ಣ ಬಂದಿರಲಿಲ್ಲ. ಮಾರಾಟದ ಹುಡುಗಿ ತಿಳಿಗುಲಾಬಿಯೊಂದನ್ನು ಬಿಡಿಸಿ, “ಮೇಡಂ, ಲೈಟಲ್ಲಿ ನೋಡಿದ್ರೆ ಅದೇ ಥರ ಕಾಣುತ್ತೆ” ಎಂದಳು. ಕಾಣುತ್ತಿರಲಿಲ್ಲ. ಥ್ಯಾಂಕ್ಸ್ ಹೇಳಿ, ಸೀರೆಯನ್ನು ನಾನೇ ಮಡಿಸಿಕೊಟ್ಟು, ಮುಂದಿನ ಸರಕು ಯಾವಾಗ ಬರಬಹುದೆಂದು ಕೇಳಿಕೊಂಡು ಹೊರಟೆ.