ಸಂಡೆ ಬಜಾರಿನಲ್ಲಿ ಬೆಂಗಳೂರು ಮಾಲು

ಭಾನುವಾರ, 11 ಫೆಬ್ರವರಿ 2024

ಬೆಂಗಳೂರಿನ ಹಳೇ ಸಾಮಾನಿನ ಸಂತೆ ಸಂಡೆ ಬಜಾರಿಗೆ ಹೋಗೋದಾದರೆ ಬೆಳಕು ಹರಿಯೋ ಮುಂಚೆ ಹೋಗಬೇಕು. ಭಾನುವಾರ ಮೆಟ್ರೊ ತಡವಾಗಿ ಶುರು, ಅದನ್ನು ನಂಬಿ ಕೂತರೆ ಕೆಲಸ ಕೆಟ್ಟಿತು. ಇವತ್ತು ಸ್ಕೂಟರ್‌ನಲ್ಲೇ ಹೋದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಇನ್ನೂ ಮೂಟೆ ಬಿಚ್ಚುತ್ತಿದ್ದರು. ಆ ಹೊತ್ತಿಗೆ ಟಾರ್ಚ್ ಹಿಡಿದು ಓಡಾಡುವವರಲ್ಲಿ ಅರ್ಧಕ್ಕರ್ಧ ಅಂಗಡಿಯವರೇ. ಅವರು ಎತ್ತಿಕೊಂಡು ಹೋದ ಮಾಲು ಪಾಲಿಶ್ ಹಾಕಿಸಿಕೊಂಡು ‘ಆಂಟಿಕ್’ ಬೋರ್ಡಿನ ಕೆಳಗೆ ನಾಲ್ಕು ಪಟ್ಟು ರೇಟಿಗೆ ಕೂರುತ್ತೆ. ಒಂಬತ್ತು ದಾಟಿದ ಮೇಲೆ ಜನ ಜಾಸ್ತಿ, ಮಾಲು ಕಮ್ಮಿ. ಆಗ ಉಳಿದಿರೋದು ಚಾರ್ಜರ್, ರಿಮೋಟ್, ಜೋಡಿ ಕಳೆದುಕೊಂಡ ಶೂ.

ನನ್ನದೊಂದು ಕಟ್ಟುಪಾಡಿದೆ: ಬೆಂಗಳೂರಿನಲ್ಲೇ ತಯಾರಾದದ್ದನ್ನು ಮಾತ್ರ ಕೊಳ್ಳೋದು. ಹೀಗೊಂದು ಲಗಾಮು ಇಲ್ಲದಿದ್ದರೆ ನಮ್ಮ ಎರಡು ರೂಮಿನ ಮನೆ ಯಾವತ್ತೋ ಗುಜರಿ ಅಂಗಡಿ ಆಗಿರುತ್ತಿತ್ತು. ಹಾಗಂತ ಆಯ್ಕೆಗೇನೂ ಬರವಿಲ್ಲ. ಸಾಫ್ಟ್‌ವೇರ್ ಬರೋಕೆ ಮುಂಚೆ ಈ ಊರು ಕೈಗೆ ಭಾರ ಸಿಗುವ ವಸ್ತುಗಳನ್ನು ಮಾಡುತ್ತಿತ್ತು. ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಫೋನು, ಜಾಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಿಂದ ಎಚ್‌ಎಂಟಿ ಮಾಡಿದ ವಾಚು, ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್‌ನ ಬಲ್ಬು. ಮೈಸೂರು ಲ್ಯಾಂಪ್ಸ್ ಬಾಗಿಲು ಹಾಕಿತು. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ 2016ರಲ್ಲಿ ತೀರ್ಮಾನ ಮಾಡಿತು. ಅವರ ಮಾಲು ಮಾತ್ರ ಪ್ರತಿ ಭಾನುವಾರ ತಾಡಪಾಲಿನ ಮೇಲೆ ಬರ್ತಾನೇ ಇದೆ.

ಮೊದಲು ಕಣ್ಣಿಗೆ ಬಿದ್ದದ್ದು ವಾಚಿನ ರಾಶಿ. ‘ಪೈಲಟ್ ಸಾರ್, ಒರಿಜಿನಲ್, ಮಿಲ್ಟ್ರಿ ಪೀಸು’ ಅಂತ ಹುಡುಗ ಕೈಗೆ ತುರುಕಿದ. ಕಿತ್ತಳೆ ಬಣ್ಣದ ಡಯಲ್ಲು, ಫಳಫಳ! ಎಚ್‌ಎಂಟಿ ಪೈಲಟ್ ಅಂದರೆ ಕರಿ ಡಯಲ್ಲು. ಈ ಕಿತ್ತಳೆ, ಗಿಳಿಹಸಿರು ಎಲ್ಲ ಹಳೇ ಮೆಷಿನ್ನಿಗೆ ಆಮೇಲೆ ಯಾರೋ ಬಳಿದ ಬಣ್ಣ. ಜೇಬಿನ ಭೂತಗನ್ನಡಿ ಇಟ್ಟು ನೋಡಿದರೆ ಅಕ್ಷರದ ಅಂಚು ಕಲಸಿಹೋಗಿತ್ತು, ನಿಮಿಷದ ಗೆರೆಗಳು ಸೊಟ್ಟ. ಕೀಲಿ ಕೊಟ್ಟರೆ ಓಡುತ್ತೆ, ಸುಳ್ಳಲ್ಲ. ಓಡುವ ವಾಚು ಬೇಕು ಅನ್ನೋರು ಧಾರಾಳವಾಗಿ ಕೊಳ್ಳಲಿ. ನನಗೆ ಬೇಕಿರೋದು ಕಾರ್ಖಾನೆಯ ಬಾಗಿಲಿಂದ ಹೇಗೆ ಹೊರಬಿತ್ತೋ ಹಾಗೇ ಇರೋ ವಾಚು. ಡಯಲ್ ಹಳದಿಗೆ ತಿರುಗಿರಲಿ, ಗಾಜಿನ ತುಂಬ ಗೀರಿರಲಿ, ಅಡ್ಡಿಯಿಲ್ಲ. ಕೊಳೆ ತೆಗೆಯಬಹುದು. ಬಳಿದ ಬಣ್ಣ ತೆಗೆದು ಮೊದಲಿನ ಡಯಲ್ ತರೋಕಾಗಲ್ಲ.

ಮುಂದೆ ಒಬ್ಬರು ಕಿವಿಯ ಹತ್ತಿರ ಬಂದು ‘ಪಂಚಲೋಹದ್ದು ಇದೆ, ಹಳ್ಳಿ ದೇವಸ್ಥಾನದ್ದು, ನೋಡ್ತೀರಾ?’ ಅಂದರು. ನೋಡೋದಿಲ್ಲ ಅಂದೆ. ನೂರು ವರ್ಷ ದಾಟಿದ ವಿಗ್ರಹ 1972ರ ಪುರಾವಸ್ತು ಕಾಯ್ದೆಗೆ ಬೀಳುತ್ತೆ. ನೋಂದಣಿ ಆಗಿರಬೇಕು, ಮಾರುವವನ ಹತ್ತಿರ ಪರವಾನಗಿ ಇರಬೇಕು. ಹಳೇದಾದರೆ ಪೊಲೀಸು, ಹೊಸದಾದರೆ ಮೋಸ, ಎರಡರಲ್ಲೂ ನನಗೆ ಲಾಭವಿಲ್ಲ. ಮೊಬೈಲ್ ಹರವಿದ ಕಡೆಗಂತೂ ನಾನು ತಲೆ ಹಾಕಲ್ಲ. ಈ ಬಜಾರಿಗೆ ಚೋರ್ ಬಜಾರ್ ಅನ್ನೋ ಇನ್ನೊಂದು ಹೆಸರು ಸುಮ್ಮನೆ ಬಂದದ್ದಲ್ಲ.

ಕೊನೆಗೆ ಸಿಕ್ಕಿದ್ದು ಫೋನು. ಮಿಕ್ಸಿ ಜಾರು, ಟೇಪ್‌ರೆಕಾರ್ಡರ್ ತಲೆ, ಬಾಗಿಲ ಚಿಲಕಗಳ ಅಡಿಯಲ್ಲಿ ಕಪ್ಪಗೆ ಒಂದು ಹಿಡಿ ಕಂಡಿತು. ಎಳೆದರೆ ಬಂತು, ಐಟಿಐ ಡಯಲ್ ಫೋನು, ಮೈಯೆಲ್ಲ ಸುಣ್ಣದ ಧೂಳು. ಮಾರುತ್ತಿದ್ದ ಅಜ್ಜ ಟೀ ಕುಡೀತಾ ಇದ್ದರು, ನನ್ನ ಕಡೆ ನೋಡಲಿಲ್ಲ. ಅದೇ ಒಳ್ಳೇದಾಯಿತು.

ಹೆಬ್ಬೆರಳಲ್ಲಿ ಒಂದೇ ಜಾಗವನ್ನು ಬಿಸಿಯಾಗೋ ತನಕ ಉಜ್ಜಿ ಮೂಸಿದೆ. ಈಗಿನ ಪ್ಲಾಸ್ಟಿಕ್ ಆಗಿದ್ದರೆ ಏನೂ ವಾಸನೆ ಬರಲ್ಲ. ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್, ಅಂದರೆ ಬೇಕಲೈಟ್ ಆದರೆ ಆಸ್ಪತ್ರೆ ಕಾರಿಡಾರಿನ ಘಾಟು ಬರುತ್ತೆ. ಬಂತು. ಆಮೇಲೆ ಸೊನ್ನೆಗೆ ಬೆರಳು ಹಾಕಿ ಕೊನೇವರೆಗೂ ತಿರುಗಿಸಿ ಬಿಟ್ಟೆ. ಈ ಡಯಲ್ ವಾಪಸ್ ತಿರುಗುವಾಗ ಲೈನಿಗೆ ಮಿಡಿತ, ಅಂದರೆ ಪಲ್ಸು ಕಳಿಸುತ್ತೆ; ಲೆಕ್ಕ ಸೆಕೆಂಡಿಗೆ ಹತ್ತು ಪಲ್ಸು, ಸೊನ್ನೆಗೆ ಹತ್ತು ಪಲ್ಸು, ಅಂದರೆ ಹತ್ತಿರ ಹತ್ತಿರ ಒಂದು ಸೆಕೆಂಡಿನಲ್ಲಿ ವಾಪಸ್ ಬರಬೇಕು. ನಡುವೆ ಮುಗ್ಗರಿಸಿದರೆ ಒಳಗೆ ಗ್ರೀಸು ಗಟ್ಟಿಯಾಗಿದೆ ಅಂತ. ಇದು ಕಿರ್ರ್ ಅಂತ ಒಂದೇ ಸಮನೆ ಬಂತು. ಮಾತಾಡುವ ಕಡೆಯ ಮುಚ್ಚಳ ತಿರುವಿ ತೆಗೆದೆ. ಎಷ್ಟೋ ಫೋನುಗಳಲ್ಲಿ ಅಲ್ಲಿ ಬರೀ ಗುಳಿ ಇರುತ್ತೆ, ಇದರಲ್ಲಿ ಮೈಕಿನ ಬಿಲ್ಲೆ ಇತ್ತು. ಅಲ್ಲಾಡಿಸಿದರೆ ಒಳಗಿನ ಕಾರ್ಬನ್ ಕಾಳು ಸಣ್ಣಗೆ ಸದ್ದು ಮಾಡಿತು.

‘ಎರಡೂವರೆ ಸಾವಿರ’ ಅಂದರು ಅಜ್ಜ.

‘ಐನೂರು.’

‘ಸಿನಿಮಾದವ್ರು ಬಾಡಿಗೆಗೇ ಅಷ್ಟು ಕೊಡ್ತಾರೆ, ಗೊತ್ತಾ?’

ಗೊತ್ತಿರಲಿಲ್ಲ, ಆದರೂ ತಲೆಯಾಡಿಸಿದೆ. ವೈರು ಕತ್ತರಿಸಿರೋದನ್ನು ತೋರಿಸಿದೆ. ಅವರು ಫೋನಿನ ಗಂಟೆ ತೋರಿಸಿದರು. ಎದ್ದು ಹೊರಟೆ, ಕರೀಲಿಲ್ಲ. ಚಿಲಕ ನೋಡೋ ನೆವದಲ್ಲಿ ನಾನೇ ತಿರುಗಿ ಬಂದೆ. ಅಷ್ಟರಲ್ಲಿ ಟಾರ್ಚ್ ಹಿಡಿದ ಅಂಗಡಿಯವನೊಬ್ಬ ಹತ್ತಿರ ಸುಳಿದಾಡೋಕೆ ಶುರು ಮಾಡಿದ್ದ. ‘ಬೋಣಿ ಆಗಿಲ್ಲ, ಒಂದು ಸಾವಿರ ಕೊಟ್ಟು ಎತ್ಕೊಳ್ಳಿ’ ಅಂದರು ಅಜ್ಜ. ಒಂಬೈನೂರಕ್ಕೆ ವ್ಯಾಪಾರ ಕುದುರಿತು. ಬೋಣಿ ದುಡ್ಡು ನೋಟಿನಲ್ಲೇ ಬೇಕು ಅಂದರು, ಕ್ಯೂಆರ್ ಕೋಡ್ ಪಕ್ಕದಲ್ಲೇ ನೇತಾಡುತ್ತಿದ್ದರೂ. ನೋಟನ್ನು ಕಣ್ಣಿಗೊತ್ತಿಕೊಂಡರು.

ಅವೆನ್ಯೂ ರಸ್ತೆಯ ಪುಸ್ತಕದ ಕಡೆ ಇವತ್ತು ಹೋಗಲಿಲ್ಲ. ಕೈಯಲ್ಲಿ ಭಾರ ಇತ್ತು, ಹೊಟ್ಟೆ ಹಸಿದಿತ್ತು.

ಸೋಮವಾರ, 12 ಫೆಬ್ರವರಿ

ಆಫೀಸ್ ಮುಗಿಸಿ ಎಸ್.ಪಿ. ರಸ್ತೆಯಲ್ಲಿ ಇಳಿದು ವೈರು, ಈಗಿನ ಕಾಲದ ಪ್ಲಗ್ಗು ತಂದೆ. ಅಂಗಡಿಯವನೇ ಬೆಸುಗೆ ಹಾಕಿಕೊಟ್ಟ, ವೈರಿನ ದುಡ್ಡಿಗಿಂತ ಅದಕ್ಕೇ ಜಾಸ್ತಿ ತಗೊಂಡ. ಮನೆಯ ಫೈಬರ್ ಇಂಟರ್‌ನೆಟ್ ಪೆಟ್ಟಿಗೆಯ ಹಿಂದಿನ ಫೋನ್ ತೂತಿಗೆ ಸಿಕ್ಕಿಸಿ ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿದೆ. ಗಂಟೆ ಹೊಡೆದ ರಭಸಕ್ಕೆ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ಮಾತು ಸ್ಪಷ್ಟ, ಸ್ವಲ್ಪ ಗೊರಗೊರ.

ಡಯಲ್ ಮಾಡಿ ಹೊರಗೆ ಕರೆ ಹೋಗಲ್ಲ. ಈ ಪೆಟ್ಟಿಗೆಗೆ ಅರ್ಥವಾಗೋದು ಬಟನ್ ಫೋನಿನ ಟೋನ್ ಮಾತ್ರ, ಪಲ್ಸ್ ಎಣಿಸೋಕೆ ಬರಲ್ಲ. ನಡುವೆ ಇಡೋ ಪರಿವರ್ತಕ ಆನ್‌ಲೈನಿನಲ್ಲಿ ಸಿಗುತ್ತೆ, ರೇಟು ನೋಡಿದೆ, ಫೋನಿಗಿಂತ ದುಬಾರಿ. ಬೇಡ. ಬರೋ ಕರೆಗಷ್ಟೇ ಇರಲಿ.

ಎಂಟು ಗಂಟೆಗೆ ಮೊದಲನೇ ನಿಜವಾದ ಕರೆ ಬಂತು. ಅಮ್ಮನೇ ಓಡಿಹೋಗಿ ಎತ್ತಿಕೊಂಡರು. ಪರ್ಸನಲ್ ಲೋನ್ ಬೇಕಾ ಅಂತ ಕೇಳೋ ಹುಡುಗಿ. ಅಮ್ಮ ಅವಳ ಊರು, ಸಂಬಳ, ಊಟ ಆಯ್ತಾ ಎಲ್ಲ ವಿಚಾರಿಸಿ, ‘ನಾಳೆ ಮಾಡು, ಯೋಚನೆ ಮಾಡಿ ಹೇಳ್ತೀನಿ’ ಅಂತ ಇಟ್ಟರು.