ಪೋಲೊ 1.2ರಿಂದ ಪೋಲೊ 1.0 ಟಿಎಸ್‌ಐಗೆ: ಕೆಲಸ ಎಲ್ಲಿಗೆ ಬಂದಿದೆ

ಫೋಕ್ಸ್‌ವ್ಯಾಗನ್‌ನ ಹಳೆಯ 1.2 ಎಂಪಿಐ (ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್) ಪೋಲೊ ಕಾರು ಬಿಟ್ಟು ಅದೇ ಪೋಲೊದ 1.0 ಟಿಎಸ್‌ಐ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ, ಅಂದರೆ ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ ಎಂಜಿನ್) ಮ್ಯಾನ್ಯುಯಲ್ ತಂದು ಸರಿಮಾಡುವ ಕೆಲಸದ ಈವರೆಗಿನ ಲೆಕ್ಕ ಇದು. ಎಂಪಿಐ 75 ಪಿಎಸ್ ಶಕ್ತಿ, 110 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿತ್ತು. ಟಿಎಸ್‌ಐ 110 ಪಿಎಸ್, 175 ನ್ಯೂಟನ್ ಮೀಟರ್. ಎರಡೂ ಮೂರು ಸಿಲಿಂಡರಿನವು, ಎರಡೂ ಪುಣೆ ಪಕ್ಕದ ಚಾಕನ್ ಕಾರ್ಖಾನೆಯವು, ಬಾಡಿಯೂ ಒಂದೇ. ಗೇರು ಮಾತ್ರ ಐದಿದ್ದದ್ದು ಆರಾಗಿದೆ. ಟಿಎಸ್‌ಐ ಎಂಜಿನ್ ಪೋಲೊಗೆ ಬಂದದ್ದು 2020ರಲ್ಲಿ, ಬಿಎಸ್6 ಹೊಗೆ ನಿಯಮದ ಜೊತೆಗೆ. 2022ರಲ್ಲಿ ಇಲ್ಲಿ ಪೋಲೊ ತಯಾರಿಕೆಯೇ ನಿಂತಿತು. ಈಗ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ.

ಬಾಡಿ ಒಂದೇ ಆದ್ದರಿಂದ ಹಳೆಯ ಗಾಡಿಗೆ ಹಾಕಿಸಿದ್ದನ್ನೆಲ್ಲ ಬಿಚ್ಚಿ ಹೊಸದಕ್ಕೆ ಹಾಕಬಹುದು ಅಂತ ಅನ್ನಿಸುವುದು ಸಹಜ. ದುಡ್ಡು ದಂಡವಾಗುವುದು ಅಲ್ಲೇ. ಡ್ಯಾಶ್‌ಕ್ಯಾಮ್, ಮ್ಯಾಟು, ಬಾಗಿಲಿನ ಸ್ಪೀಕರು ತೊಂದರೆಯಿಲ್ಲದೆ ಬರುತ್ತವೆ. ಚಕ್ರಕ್ಕೆ ಲೆಕ್ಕ ಹಾಕಬೇಕು. ಸ್ಪ್ರಿಂಗ್ ಬೇಡವೇ ಬೇಡ.

ಕೊಳ್ಳುವ ಮುಂಚಿನ ತಪಾಸಣೆ

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗುವುದು ಒಳ್ಳೆಯದು. ಈ ಎಂಜಿನ್‌ನಲ್ಲಿ ವಾಟರ್ ಪಂಪು ಮತ್ತು ಥರ್ಮೋಸ್ಟಾಟ್ ಒಂದೇ ಜೋಡಣೆಯಾಗಿ ಹೆಡ್ಡಿನ ಗೇರ್‌ಬಾಕ್ಸ್ ತುದಿಯಲ್ಲಿ ಕೂತಿವೆ. ಪಂಪನ್ನು ಓಡಿಸುವುದು ಕ್ಯಾಮ್‌ಶಾಫ್ಟಿನಿಂದ ಬರುವ ಸಣ್ಣ ಬೆಲ್ಟು. ಅಲ್ಲಿಗೆ ಟಾರ್ಚ್ ಬಿಟ್ಟು ನೋಡಿದರೆ ಕೂಲಂಟ್ ಒಸರಿದ್ದ ಕಡೆ ಗುಲಾಬಿ ಬಣ್ಣದ ಒಣ ಪುಡಿ ಅಂಟಿರುತ್ತದೆ. ಒಸರಿದ್ದು ಬಿಸಿಗೆ ಆರಿಹೋಗುವುದರಿಂದ ನೆಲದ ಮೇಲೆ ಹನಿ ಕಾಣುವುದಿಲ್ಲ; ಟ್ಯಾಂಕಿನಲ್ಲಿ ಮಟ್ಟ ಮಾತ್ರ ನಿಧಾನಕ್ಕೆ ಇಳಿಯುತ್ತಿರುತ್ತದೆ.

ಆಮೇಲೆ ಸ್ಕ್ಯಾನರ್, ಅಂದರೆ ಎಂಜಿನ್ ಕಂಪ್ಯೂಟರಿನ (ಇಸಿಯು) ದಾಖಲೆ ಓದುವ ಯಂತ್ರ. ಎರರ್ ಕೋಡ್ ಇಲ್ಲವೆಂದರೆ ಸಾಲದು, ನೋಡಲು ಹೋಗುವ ಮುಂಚೆ ಅಳಿಸಿಟ್ಟಿರಬಹುದು. ಸಿಲಿಂಡರುವಾರು ಮಿಸ್‌ಫೈರ್ (ಪೆಟ್ರೋಲು ಸರಿಯಾಗಿ ಹೊತ್ತದಿರುವುದು) ಲೆಕ್ಕ, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿಕೊಂಡ ಪ್ರಮಾಣ), ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇಸಿಯು ಎಷ್ಟು ಕೇಳಿದೆ, ಎಷ್ಟು ಬಂದಿದೆ, ಇವನ್ನು ಓಡಿಸುತ್ತಲೇ ರೆಕಾರ್ಡ್ ಮಾಡಬೇಕು. ಟ್ರಿಮ್ 10% ದಾಟಿದ್ದರೆ ಗಾಳಿ ಸೋರಿಕೆಯೋ ಇಂಜೆಕ್ಟರ್ ತೊಂದರೆಯೋ ಇದೆ ಎಂದೇ ಹಿಡಿಯಿರಿ. ಕೇಳುವ ಬೂಸ್ಟೇ ಕಂಪನಿಯ ಲೆಕ್ಕಕ್ಕಿಂತ ಮೇಲಿದ್ದರೆ ಹಿಂದಿನವರು ರೀಮ್ಯಾಪ್ ಮಾಡಿಸಿದ್ದಾರೆ, ಅಂದರೆ ಶಕ್ತಿ ಹೆಚ್ಚಿಸಲು ಇಸಿಯು ಸಾಫ್ಟ್‌ವೇರ್ ಬದಲಿಸಿದ್ದಾರೆ. ಮತ್ತೆ ಕಂಪನಿ ಸಾಫ್ಟ್‌ವೇರ್ ಹಾಕಿಸಿ ಕೊಟ್ಟಿದ್ದರೂ ಕ್ಲಚ್ಚು ಸುಳ್ಳು ಹೇಳುವುದಿಲ್ಲ: ನಾಲ್ಕನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ವೇಗಕ್ಕಿಂತ ಮುಂಚೆ ಆರ್‌ಪಿಎಂ ಹಾರಿದರೆ ಅದು ಜಾರುತ್ತಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಮೊದಲ ಸರ್ವೀಸು

ಸರ್ವೀಸ್ ಪುಸ್ತಕದಲ್ಲಿ ಏನೇ ಬರೆದಿರಲಿ, ಆಯಿಲ್, ಫಿಲ್ಟರುಗಳು, ಬ್ರೇಕ್ ಆಯಿಲ್ ಎಲ್ಲ ಹೊಸದು. ಎಂಜಿನ್ ಆಯಿಲ್ ಫಿಲ್ಟರ್ ಸೇರಿ ಸುಮಾರು 4 ಲೀಟರ್. ಡಬ್ಬದ ಮೇಲೆ ಫೋಕ್ಸ್‌ವ್ಯಾಗನ್ 502 00 ಒಪ್ಪಿಗೆ ಇರಬೇಕು. ಡ್ರೇನ್ ಬೋಲ್ಟಿಗೆ 30 ನ್ಯೂಟನ್ ಮೀಟರ್ ಸಾಕು, ವಾಷರ್ ಹೊಸದೇ ಬೇಕು. ಕಂಪನಿ ಹೇಳುವುದು 15,000 ಕಿ.ಮೀ.ಗೊಮ್ಮೆ ಬದಲಿಸಿ ಎಂದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗೆ ಅದು ತೀರಾ ಉದ್ದವಾಯಿತು. ಸಣ್ಣ ಓಡಾಟದಲ್ಲಿ ಪೂರ್ತಿ ಸುಡದ ಪೆಟ್ರೋಲು ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ, ಟರ್ಬೊ ಬೇರಿಂಗ್ ನಿಂತಿರುವುದೇ ಆ ಆಯಿಲಿನ ಪದರದ ಮೇಲೆ. ಇಲ್ಲಿ 7,500 ಕಿ.ಮೀ. ಎಂದು ಇಟ್ಟುಕೊಂಡಿದೆ.

ಕೂಲಂಟ್ ಬದಲಿಸುವಾಗ ಎಂಪಿಐ ಅಭ್ಯಾಸ ಕೈಕೊಡುತ್ತದೆ. ಟಿಎಸ್‌ಐನಲ್ಲಿ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದೆ. ಈ ಎಂಜಿನ್ನಿನ ಕೆಲವು ಗಾಡಿಗಳಲ್ಲಿ ಅದು ಮುಂದಿನ ಬಂಪರಿನ ಹಿಂದೆ ಇರದೆ ಇಂಟೇಕ್ ಮ್ಯಾನಿಫೋಲ್ಡ್ (ಗಾಳಿ ಎಂಜಿನ್ನಿಗೆ ಹೋಗುವ ಕೊಳವೆ) ಒಳಗೇ ಇದ್ದು ನೀರಿನಿಂದ ತಣಿಯುತ್ತದೆ; ಕೈಯಲ್ಲಿರುವ ಗಾಡಿಯಲ್ಲಿ ಯಾವುದಿದೆ ಎಂದು ಮೊದಲು ನೋಡಬೇಕು. ನೀರಿನದಾದರೆ ಅದಕ್ಕೆ ಬೇರೆ ರೇಡಿಯೇಟರ್, ಬೇರೆ ಕರೆಂಟ್ ಪಂಪ್. ಕೀ ತೆಗೆದ ಮೇಲೂ ಬಾನೆಟ್ ಒಳಗಿಂದ ಸಣ್ಣ ಸದ್ದು ಬರುತ್ತಿದ್ದರೆ ಅದು ಈ ಪಂಪೇ, ದೋಷವಲ್ಲ. ಸುಮ್ಮನೆ ಮೇಲಿಂದ ಸುರಿದು ತುಂಬಿದರೆ ಈ ಸರ್ಕ್ಯೂಟಿನಲ್ಲಿ ಗಾಳಿ ಉಳಿದುಬಿಡುತ್ತದೆ. ಆಗ ಟೆಂಪರೇಚರ್ ಮೀಟರ್ ಸರಿಯಾಗೇ ನಿಂತಿರುತ್ತದೆ, ಆದರೆ ಒಳಗೆ ಹೋಗುವ ಗಾಳಿ ಬಿಸಿಯಾಗಿ ಇಸಿಯು ಕಿಡಿ ಹಾರಿಸುವ ಟೈಮಿಂಗ್ ಹಿಂದಕ್ಕೆಳೆಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ಮಂದವಾಗುತ್ತದೆ. ವ್ಯಾಕ್ಯೂಮ್ ಹಾಕಿ ತುಂಬಿಸುವ ಗ್ಯಾರೇಜಿನಲ್ಲೇ ಮಾಡಿಸಬೇಕು, ಕಂಪನಿ ಹೇಳಿದ ಗುಲಾಬಿ ಕೂಲಂಟಿಗೆ ಹಸಿರು ಬೆರೆಸಲೇಬಾರದು. ಹೊರಗೆ ದೊಡ್ಡ ಇಂಟರ್‌ಕೂಲರ್ ಹಾಕಿಸುವ ಸಲಹೆ ಬಂದಿತ್ತು. ಇಂಟರ್‌ಕೂಲರ್ ಮ್ಯಾನಿಫೋಲ್ಡ್ ಒಳಗಿರುವ ಎಂಜಿನ್ನಿಗೆ ಅದು ಹೊಂದುವುದಿಲ್ಲ. ಮುಂದಿನ ಸಣ್ಣ ರೇಡಿಯೇಟರ್ ಮೇಲಿನ ಧೂಳು, ಹುಳ ತೊಳೆದರೆ ಖರ್ಚಿಲ್ಲದೆ ಲಾಭ ಸಿಗುತ್ತದೆ.

ಕ್ಲಚ್ ಹೈಡ್ರಾಲಿಕ್ ಆದ್ದರಿಂದ ಬ್ರೇಕಿನ ಡಬ್ಬದಿಂದಲೇ ಆಯಿಲ್ ತೆಗೆದುಕೊಳ್ಳುತ್ತದೆ. ನಾಲ್ಕು ಚಕ್ರ ಬ್ಲೀಡ್ ಮಾಡಿ (ಹಳೆಯ ಆಯಿಲ್, ಗಾಳಿ ಹೊರತೆಗೆದು) ಕ್ಲಚ್ ಬಿಟ್ಟರೆ ಅರ್ಧ ಕೆಲಸ. ಡಾಟ್ 4, ಒಂದು ಲೀಟರ್ ತಂದರೆ ಎರಡಕ್ಕೂ ಸಾಕಾಗುತ್ತದೆ.

ಚಕ್ರಗಳು

ಹಳೆಯ ಗಾಡಿಯ 15 ಇಂಚಿನ ಅಲಾಯ್ ಕೂರುತ್ತದೆಯೇ? ಪಿಸಿಡಿ (ಬೋಲ್ಟು ತೂತುಗಳ ವೃತ್ತದ ಅಳತೆ) 5×100, ನಡುವಿನ ತೂತು 57.1 ಮಿ.ಮೀ., ಎರಡರಲ್ಲೂ ಒಂದೇ. ಆದರೆ 185/60 ಆರ್15 ಟೈರಿನ ಎತ್ತರ 603 ಮಿ.ಮೀ., ಟಿಎಸ್‌ಐ ಮೇಲಿದ್ದ 195/55 ಆರ್16ರದ್ದು 621. ಹಳೆಯ ಸೆಟ್ ಹಾಕಿದರೆ ಗಾಡಿ 9 ಮಿ.ಮೀ. ತಗ್ಗುತ್ತದೆ, ಸ್ಪೀಡೋಮೀಟರ್ 3% ಹೆಚ್ಚಿಗೆ ತೋರಿಸುತ್ತದೆ, ಹಂಪ್ ದಾಟುವಾಗ ತಳ ತಾಗುತ್ತದೆ. ಅದಕ್ಕೇ 16 ಇಂಚೇ ಉಳಿಯಿತು. ಹಿಡಿತ ಹೆಚ್ಚಬೇಕಾದರೆ ಅಗಲಕ್ಕಿಂತ ಟೈರಿನ ರಬ್ಬರಿಗೆ ದುಡ್ಡು ಹಾಕುವುದು ಮೇಲು. 205/55 ಆರ್16 ಹಾಕಿಸುವವರು ಬಹಳ ಜನ. ಎತ್ತರ 632 ಆಗಿ ಗಾಡಿ ಎತ್ತರಕ್ಕೆ ನಿಲ್ಲುತ್ತದೆ ನಿಜ, ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಾಲ್ಕು ಜನ ಕೂತು, ಹಳ್ಳಕ್ಕೆ ಇಳಿಸಿ ನೋಡಿದ ಮೇಲೆಯೇ ಒಳಗಿನ ಲೈನರಿಗೆ ಉಜ್ಜುತ್ತದೆಯೋ ಇಲ್ಲವೋ ಗೊತ್ತಾಗುವುದು.

ಬೋಲ್ಟಿನ ವಿಷಯ ಇದಕ್ಕಿಂತ ಮುಖ್ಯ. ಫೋಕ್ಸ್‌ವ್ಯಾಗನ್ ಚಕ್ರಕ್ಕೆ ಎಂ14×1.5 ಬೋಲ್ಟು, ಕೂರುವ ಜಾಗ ಚೆಂಡಿನಂತೆ ಗುಂಡಗೆ. ಹೊರಗೆ ಸಿಗುವ ಬಹುಪಾಲು ಅಲಾಯ್‌ಗಳಲ್ಲಿ ಆ ಜಾಗ 60 ಡಿಗ್ರಿ ಓರೆ. ಗುಂಡು ಬೋಲ್ಟನ್ನು ಓರೆ ತೂತಿಗೆ ಬಿಗಿದರೆ ಅದು ತೆಳ್ಳನೆಯ ಒಂದು ಗೆರೆಯ ಮೇಲೆ ಮಾತ್ರ ಕೂರುತ್ತದೆ. ಟಾರ್ಕ್ ಪಾನಾ 120 ನ್ಯೂಟನ್ ಮೀಟರಿಗೆ ಸರಿಯಾಗೇ ಟಕ್ಕೆನ್ನುತ್ತದೆ, ಓಡುತ್ತ ಓಡುತ್ತ ಆ ಗೆರೆ ಸವೆದು ಬೋಲ್ಟು ಸಡಿಲವಾಗುತ್ತದೆ. ಬಿಚ್ಚಿದ ಬೋಲ್ಟನ್ನು ಬೆಳಕಿಗೆ ಹಿಡಿದರೆ ತಿಳಿಯುತ್ತದೆ: ಅಗಲ ಪಟ್ಟಿಯಾಗಿ ಹೊಳೆದರೆ ಸರಿ, ದಾರದಷ್ಟು ಸಣ್ಣ ಉಂಗುರ ಹೊಳೆದರೆ ಬೋಲ್ಟು ತಪ್ಪು. ಉದ್ದವನ್ನೂ ನೋಡಬೇಕು. ಕೈಯಲ್ಲಿ ಏಳು ಸುತ್ತಾದರೂ ಒಳಗೆ ಹೋಗಬೇಕು. ತೀರಾ ಉದ್ದವಿದ್ದರೆ ಹಿಂದಿನ ಡ್ರಮ್ಮಿನೊಳಗಿನ ಭಾಗಗಳಿಗೆ ತಾಗುತ್ತದೆ. ಹಾಗಾಗಿ ಬಿಗಿದ ಮೇಲೆ ಗಾಡಿ ಎತ್ತಿದ್ದಾಗಲೇ ಚಕ್ರ ಕೈಯಲ್ಲಿ ತಿರುಗಿಸಿ ಕಿವಿಗೊಡಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್.

ಸ್ಪ್ರಿಂಗ್ ಯಾಕೆ ಬೇಡ

ಎಂಪಿಐ ಗಾಡಿಗೆ ಹಾಕಿದ್ದ ತಗ್ಗು ಸ್ಪ್ರಿಂಗ್ ಜಾಗಕ್ಕೆ ಕೂರುತ್ತದೆ. ಆದರೆ ಈ ಕಂಪನಿ ಮುಂದಿನ ಆಕ್ಸಲಿನ ತೂಕ ನೋಡಿ ಸ್ಪ್ರಿಂಗ್ ಆರಿಸುತ್ತದೆ. ಅದರ ಮೇಲಿನ ಬಣ್ಣದ ಚುಕ್ಕೆಗಳು ಅದಕ್ಕೇ. ಎಂಜಿನ್, ಗೇರ್‌ಬಾಕ್ಸ್ ಬೇರೆಯಾದಾಗ ಆ ಲೆಕ್ಕವೂ ಬೇರೆ. ಸದ್ಯಕ್ಕೆ ಕಂಪನಿ ಸ್ಪ್ರಿಂಗೇ ಇಟ್ಟು, ಮುಂದಿನ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಟಾಪ್ ಮೌಂಟ್, ಬೇರಿಂಗ್, ಕಂಟ್ರೋಲ್ ಆರ್ಮ್ ಬುಷ್ (ಚಕ್ರ ಹಿಡಿಯುವ ತೋಳಿನ ರಬ್ಬರು) ಮಾತ್ರ ಬದಲಾಗಿವೆ. ಬುಷ್ ಬೋಲ್ಟನ್ನು ಚಕ್ರ ಜೋತಾಡುತ್ತಿರುವಾಗ ಬಿಗಿಯಬಾರದು. ಗಾಡಿ ನಿಂತ ಎತ್ತರಕ್ಕೆ ಜ್ಯಾಕಿನಿಂದ ಆರ್ಮ್ ಎತ್ತಿ ಆಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟುಗಳು ಒಮ್ಮೆ ಮಾತ್ರ ಬಳಸುವಂಥವು. ಕೊನೆಗೆ ಅಲೈನ್‌ಮೆಂಟ್: ಮುಂದೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸಬಹುದು, ಹಿಂದಿನದು ಬೀಮ್ ಆಕ್ಸಲ್, ಅಲ್ಲಿ ತಿರುಗಿಸಲು ಏನೂ ಇಲ್ಲ. ಹಿಂದಿನ ಅಂಕಿ ಮಿತಿ ಮೀರಿದ್ದರೆ ಬೀಮ್ ಬಾಗಿದೆ, ಅಂದರೆ ಗಾಡಿಗೆ ಪೆಟ್ಟು ಬಿದ್ದಿದೆ. ಕೊಳ್ಳುವ ಮುಂಚೆಯೇ ಅಲೈನ್‌ಮೆಂಟ್ ರಿಪೋರ್ಟ್ ತೆಗೆಸುವುದು ಇದಕ್ಕೇ.

ಕಾಗದ ಪತ್ರ

ಮಾಲೀಕತ್ವ ಬದಲಾವಣೆಯ ಫಾರ್ಮ್ 29, 30 ಆಗಿವೆ. ಬೇರೆ ರಾಜ್ಯದ ಗಾಡಿಯಾಗಿದ್ದರೆ ಫಾರ್ಮ್ 28ರ ಎನ್‌ಒಸಿಯೂ ಇಲ್ಲಿನ ಲೈಫ್ ಟ್ಯಾಕ್ಸೂ ಸೇರುತ್ತಿದ್ದವು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಹಳೆಯ ಗಾಡಿಯ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು. ಮಾರಿದ ತಕ್ಷಣ ಸರ್ಟಿಫಿಕೇಟ್ ತೆಗೆದುಕೊಂಡರೆ ಹೊಸ ಪಾಲಿಸಿಗೆ 50%ವರೆಗೂ ಇಳಿಕೆ ಸಿಗುತ್ತದೆ. ಬದಲಾವಣೆಗಳ ವಿಷಯಕ್ಕೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮತ್ತು ಅದರ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೊಟ್ಟ ತೀರ್ಪು ಗಮನದಲ್ಲಿರಲಿ. ಅಲಾಯ್ ಬದಲಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸುವುದೇ ಸರಿ.

ಬಾಕಿ ಇರುವುದು

ರೀಮ್ಯಾಪ್ ಕೆಲಸ ಮುಂದಕ್ಕೆ ಹೋಗಿದೆ. ಇದರಲ್ಲಿರುವುದು ಎಂಕ್ಯೂ200 ಗೇರ್‌ಬಾಕ್ಸ್, ಅದರ ಟಾರ್ಕ್ ಮಿತಿ 200 ನ್ಯೂಟನ್ ಮೀಟರ್. 175ರಲ್ಲಿ ಕಂಪನಿ ನಿಂತಿರುವಾಗ ಉಳಿದಿರುವ ಅಂತರ 25 ಮಾತ್ರ, ಸಾಮಾನ್ಯ ಸ್ಟೇಜ್ 1 ಮ್ಯಾಪುಗಳು (ಬೇರೆ ಭಾಗ ಬದಲಿಸದೆ ಸಾಫ್ಟ್‌ವೇರ್ ಮಾತ್ರ ಬದಲಿಸುವಂಥವು) ಅದನ್ನು ದಾಟುತ್ತವೆ, ಅದೂ ಕ್ಲಚ್ಚಿಗೆ ಅತಿ ಕಷ್ಟವಾಗುವ ಕಡಿಮೆ ಆರ್‌ಪಿಎಂನಲ್ಲಿ. ಮಾಡಿಸುವುದೇ ಆದರೆ ಕೆಳಗೆ ಟಾರ್ಕಿಗೆ 200ರ ಮಿತಿ ಹಾಕಿ, ಮೇಲಿನ ಆರ್‌ಪಿಎಂನಲ್ಲಿ ಪವರ್ ಹಿಗ್ಗಿಸುವ ಮ್ಯಾಪ್ ಬರೆಯುವವರು ಬೇಕು. ಅದಕ್ಕೂ ಮುಂಚೆ ಬೋರೋಸ್ಕೋಪ್ (ಸಣ್ಣ ಕೊಳವೆ ಕ್ಯಾಮೆರಾ) ಇಳಿಸಿ ಇಂಟೇಕ್ ವಾಲ್ವುಗಳ ಹಿಂಭಾಗ ನೋಡಬೇಕಿದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲು ಆ ವಾಲ್ವುಗಳನ್ನು ಮುಟ್ಟುವುದೇ ಇಲ್ಲವಾದ್ದರಿಂದ ಟ್ಯಾಂಕಿಗೆ ಸುರಿಯುವ ಯಾವ ಕ್ಲೀನರೂ ಅಲ್ಲಿನ ಮಸಿ ತೆಗೆಯುವುದಿಲ್ಲ. ಮಸಿ ದಪ್ಪವಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿ ವಾಲ್‌ನಟ್ ಬ್ಲಾಸ್ಟಿಂಗ್, ಅಂದರೆ ಅಕ್ರೋಟ್ ಚಿಪ್ಪಿನ ಪುಡಿ ಊದಿ ಮಸಿ ಕೆರೆಯುವುದು. ಇಂಟರ್‌ಕೂಲರ್ ಮ್ಯಾನಿಫೋಲ್ಡ್ ಒಳಗೇ ಇದ್ದರೆ ಆಗ ಅದೂ ಜೊತೆಗೇ ಹೊರಬರುವುದರಿಂದ ಕೂಲಂಟನ್ನು ಮತ್ತೆ ವ್ಯಾಕ್ಯೂಮ್ ಹಾಕಿಯೇ ತುಂಬಿಸಬೇಕಾಗುತ್ತದೆ.