ಮಂಪರು ಬೇರೆ, ನೋವಿನ ಶಮನ ಬೇರೆ

ನಮ್ಮ ಮನೆಯ ಗಂಡು ಬೆಕ್ಕು ಕರಿಯನ ಬಾಲದ ಬುಡದಲ್ಲಿ ಎರಡು ವರ್ಷಗಳ ಹಿಂದೆ ಕೀವುಗಡ್ಡೆ ಎದ್ದಿತ್ತು. ಕಾದಾಟದಲ್ಲಿ ಹಲ್ಲು ಊರಿದ ಗಾಯ ಮೇಲೆ ಬೇಗನೆ ಮುಚ್ಚಿಕೊಂಡು ಒಳಗೆ ಕೀವು ಕಟ್ಟುವುದು ಬೆಕ್ಕುಗಳಲ್ಲಿ ಸಾಮಾನ್ಯ. ದಾವಣಗೆರೆಯ ಒಂದು ಚಿಕಿತ್ಸಾಲಯದಲ್ಲಿ ‘ಎರಡೇ ನಿಮಿಷದ ಕೆಲಸ’ ಎಂದು ಅವನನ್ನು ಟವೆಲ್ಲಿನಲ್ಲಿ ಸುತ್ತಿ, ಮೂವರು ಒತ್ತಿ ಹಿಡಿದು, ಯಾವ ಔಷಧವನ್ನೂ ಕೊಡದೆ ಗಡ್ಡೆ ಸೀಳಿದರು. ಹಿಡಿದವರಲ್ಲಿ ನಾನೂ ಒಬ್ಬಳು. ಆಮೇಲೆ ಒಂದು ವಾರ ಅವನು ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ.

ಈ ಮಾರ್ಚಿನಲ್ಲಿ ಕೆನ್ನೆಯ ಮೇಲೆ ಮತ್ತೆ ಗಡ್ಡೆ ಎದ್ದಾಗ ಬೇರೊಬ್ಬ ವೈದ್ಯರ ಬಳಿಗೆ ಹೋಗಿ ಮೊದಲೇ ಕೇಳಿದೆ: ‘ಮಂಪರಿಗೆ ಏನು ಕೊಡುತ್ತೀರಿ, ನೋವಿಗೆ ಏನು ಕೊಡುತ್ತೀರಿ?’ ಇವೆರಡೂ ಬೇರೆ ಬೇರೆ ಪ್ರಶ್ನೆಗಳು ಎಂಬುದನ್ನು ಬೆಕ್ಕು ಸಾಕುವವರೆಲ್ಲರೂ ತಿಳಿದಿರಬೇಕು. ಉದಾಹರಣೆಗೆ ಅಸಿಪ್ರೊಮಜೀನ್ ಪ್ರಾಣಿಯನ್ನು ಸುಮ್ಮನಾಗಿಸುತ್ತದೆಯೇ ಹೊರತು ನೋವನ್ನು ಕಡಿಮೆ ಮಾಡುವುದಿಲ್ಲ. ಮಿಸುಕದೆ ಮಲಗಿದ ಬೆಕ್ಕಿಗೂ ಚಾಕುವಿನ ಅರಿವು ಇರಬಹುದು. ಗಡ್ಡೆಯ ಸುತ್ತ ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿದರೆ ಸಾಕೆನ್ನುವಂತೆಯೂ ಇಲ್ಲ, ಕೀವು ತುಂಬಿದ ಜಾಗದಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ.

ವೈದ್ಯರು ಹೇಳಿದಂತೆ ಮನೆಯಿಂದ ಹೊರಡುವ ಎರಡು ಗಂಟೆ ಮೊದಲು ಬೆದರಿಕೆ ತಗ್ಗಿಸುವ ಗ್ಯಾಬಪೆಂಟಿನ್ ಕೊಟ್ಟಿದ್ದರಿಂದ ಆಟೋದ ಸದ್ದಿಗೂ ಕರಿಯ ಬೆದರಲಿಲ್ಲ. ಅಲ್ಲಿ ಮಂಪರಿಗೆ ಕ್ಸೈಲಜೀನ್, ಅರಿವಳಿಕೆಗೆ ಕೆಟಮಿನ್ ಮತ್ತು ನೋವಿಗೆಂದು ಬ್ಯುಟಾರ್ಫನಾಲ್ ಚುಚ್ಚಿದರು. ಕ್ಸೈಲಜೀನ್ ಬೆಕ್ಕುಗಳಿಗೆ ವಾಂತಿ ತರಿಸುವುದರಿಂದ ಹೊಟ್ಟೆ ಖಾಲಿ ಇರಬೇಕೆಂದು ಬೆಳಗಿನ ಊಟ ನಿಲ್ಲಿಸಲು ಮೊದಲೇ ತಿಳಿಸಿದ್ದರು. ಐದಾರು ನಿಮಿಷಗಳಲ್ಲಿ ಅವನ ಕುತ್ತಿಗೆ ಸಡಿಲಾಯಿತು, ಕಣ್ಣುಗಳು ಮಾತ್ರ ಅಗಲವಾಗಿ ತೆರೆದೇ ಇದ್ದವು. ನಾನು ಗಾಬರಿಯಾದೆ. ಕೆಟಮಿನ್ ಕೊಟ್ಟಾಗ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಕಣ್ಣು ಒಣಗುತ್ತದೆ ಎಂದು ವಿವರಿಸಿದ ವೈದ್ಯರು ಎರಡೂ ಕಣ್ಣುಗಳಿಗೆ ಮುಲಾಮು ಹಚ್ಚಿದ ಮೇಲೆಯೇ ಗಡ್ಡೆಗೆ ಕೈ ಹಾಕಿದರು.

ಕೆಲಸ ಮುಗಿಯಿತೆಂದು ಕೂಡಲೇ ಬುಟ್ಟಿಗೆ ಹಾಕಿಕೊಂಡು ಹೊರಡಬಾರದು. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮಂಪರು ಅಥವಾ ಅರಿವಳಿಕೆಗೆ ಸಂಬಂಧಿಸಿದ ಸಾವು ಬೆಕ್ಕುಗಳಲ್ಲಿ ಶೇ. 0.24ರಷ್ಟಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವುಗಳು ಸಂಭವಿಸಿದ್ದು ಚಿಕಿತ್ಸೆಯ ನಂತರ. ನಮ್ಮೂರಿನ ಮಾರ್ಚ್ ಬಿಸಿಲಿನಲ್ಲಿ ಮಂಪರಿನಲ್ಲಿರುವ ಬೆಕ್ಕಿಗೆ ಚಳಿಯಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ, ಆದರೆ ಫ್ಯಾನಿನ ಕೆಳಗೆ ಮಲಗಿದ್ದ ಕರಿಯನ ಕಿವಿ ಮುಟ್ಟಿದಾಗ ತಣ್ಣಗೆ ಕೊರೆಯುತ್ತಿತ್ತು. ಫ್ಯಾನ್ ಆರಿಸಿ, ಬಿಸಿನೀರಿನ ಬಾಟಲಿಗೆ ಹಳೆಯ ಪಂಚೆ ಸುತ್ತಿ ಅವನ ಬೆನ್ನಿಗೆ ಇಟ್ಟೆವು.

ಬ್ಯುಟಾರ್ಫನಾಲ್‌ನ ಗುಣ ಉಳಿಯುವುದು ಒಂದೆರಡು ಗಂಟೆ ಮಾತ್ರ. ಸಂಜೆ ಕರಿಯ ತಲೆ ತಗ್ಗಿಸಿ ಕುಳಿತಿದ್ದನು. ಪಕ್ಕದ ಮನೆಯ ಅಜ್ಜಿ ಮರುಕದಿಂದಲೇ ‘ಜ್ವರದ ಮಾತ್ರೆ ಅರ್ಧ ಪುಡಿ ಮಾಡಿ ಹಾಲಿಗೆ ಹಾಕವ್ವ’ ಎಂದರು. ಪ್ಯಾರಾಸಿಟಮಾಲ್ ಅನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು ಎಂದು ಅವರಿಗೆ ಕೈಮುಗಿದು ಹೇಳಿದೆ.

ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ, ಬೆಕ್ಕಿನ ನೋವನ್ನು ಮುಖಚಹರೆಯಿಂದ ತಿಳಿಯುವ ಅಳತೆಯೊಂದಿದೆ. ಕಿವಿ, ಕಣ್ಣು, ಮೂತಿಯ ಬಿಗಿತ, ಮೀಸೆ, ತಲೆಯ ಭಂಗಿ, ಈ ಐದಕ್ಕೂ 0ಯಿಂದ 2ರವರೆಗೆ ಅಂಕ ಕೊಡಬೇಕು. ಒಟ್ಟು 4 ಅಥವಾ ಅದಕ್ಕಿಂತ ಹೆಚ್ಚಾದರೆ ನೋವಿನ ಔಷಧ ಬೇಕಾಗಬಹುದು. ಕರಿಯನ ಕಿವಿಗಳು ಪಕ್ಕಕ್ಕೆ ಹೊರಳಿದ್ದವು, ಕಣ್ಣು ಅರ್ಧ ಮುಚ್ಚಿದ್ದವು, ಮೀಸೆ ನೆಟ್ಟಗೆ ಸೆಟೆದಿತ್ತು. ನನ್ನ ಲೆಕ್ಕದಲ್ಲಿ 6 ಬಂತು. ವೈದ್ಯರಿಗೆ ಫೋನ್ ಮಾಡಿ ಅವನನ್ನು ಮತ್ತೆ ಕರೆದುಕೊಂಡು ಹೋದೆ. ಅವನು ನೀರು ಕುಡಿದಿದ್ದಾನೆಯೇ ಎಂದು ಕೇಳಿ ಖಚಿತಪಡಿಸಿಕೊಂಡು, ಬೆಳಗಿನ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸರಿಯಾಗಿದ್ದುದನ್ನು ಮತ್ತೊಮ್ಮೆ ನೋಡಿ, ವೈದ್ಯರು ತೂಕಕ್ಕೆ ತಕ್ಕಂತೆ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧ ಚುಚ್ಚಿದರು. ರಾತ್ರಿ ಹತ್ತಕ್ಕೆ ಮತ್ತೆ ಲೆಕ್ಕ ಹಾಕಿದಾಗ 2 ಇತ್ತು. ಅವನು ಮಂಚದ ಕೆಳಗೆ ಹೋಗಲಿಲ್ಲ, ನನ್ನ ಕಾಲ ಬಳಿಯೇ ಮಲಗಿದನು.